ಎಷ್ಟು ಮೀನು ಕಚ್ಚಿದರೂ ಬಿಚ್ಚದ ಡ್ರೈ ಫ್ಲೈ

ಡ್ರೈ ಫ್ಲೈ ಎಂದರೆ ಕೊಕ್ಕೆಗೆ ಗರಿ, ಕೂದಲು ಕಟ್ಟಿ ಮಾಡಿದ, ನೀರ ಮೇಲೆ ತೇಲುವ ಹುಳುವಿನಂಥ ಗಾಳ. ಅದು ಹಾಳಾಗುವುದು ಮೀನಿನ ಹಲ್ಲಿಗೆ. ಸುತ್ತಿದ ಗರಿಯ ದಂಟು ಒಂದು ಕಡೆ ತುಂಡಾದರೆ ಸಾಕು, ಉಳಿದ ಸುತ್ತೆಲ್ಲ ಬಿಚ್ಚಿ ಜೋತುಬೀಳುತ್ತದೆ. ಇದಕ್ಕೆ ಮದ್ದು 1957ರಲ್ಲಿ ಅಮೆರಿಕದ ಆಲ್ ಟ್ರಾತ್ ತಣ್ಣೀರಿನ ಟ್ರೌಟ್ ಮೀನಿಗಾಗಿ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈಯಲ್ಲೇ ಇದೆ: ಗರಿಯನ್ನು ಅಡ್ಡಹಾಯ್ದು ಬಿಗಿಯುವ ತೆಳು ತಂತಿ.

ತುಂಗಾ, ಭದ್ರಾ, ಶರಾವತಿಯಲ್ಲಿ ಟ್ರೌಟ್ ಇಲ್ಲ. 20 ಡಿಗ್ರಿ ದಾಟಿದ ನೀರಿನಲ್ಲಿ ಅದು ಸೊರಗುತ್ತದೆ. ಅದಕ್ಕೆ ನೀಲಗಿರಿ, ಮುನ್ನಾರಿನ ಎತ್ತರದ ತಣ್ಣೀರೇ ಬೇಕು. ಆದರೆ ಈ ಫ್ಲೈ ಅನುಕರಿಸುವ ಕ್ಯಾಡಿಸ್ ಹುಳು ನಮ್ಮ ಹಳ್ಳಗಳಲ್ಲಿ ಧಾರಾಳ. ಕಲ್ಲು ಮಗುಚಿ ನೋಡಿ, ಮರಳು, ಎಲೆಚೂರು ಅಂಟಿಸಿಕೊಂಡ ಪುಟ್ಟ ಗೂಡು ಕಾಣುತ್ತದೆ. ರೆಕ್ಕೆ ಬಂದ ಹುಳು ಕೂತಾಗ ಹೆಂಚಿನ ಮಾಡಿನಂತೆ ಇಳಿಜಾರು. ಹಾಗಾಗಿ ಇದೇ ಫ್ಲೈ ಮೇಲ್ನೀರಿನಲ್ಲಿ ಹುಳ ಹಿಡಿಯುವ ಇಲ್ಲಿನ ಸಣ್ಣ ಮೀನುಗಳಿಗೂ ನಡೆಯುತ್ತದೆ.

ಮೂಲ ಫ್ಲೈಯ ರೆಕ್ಕೆ ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂದಲಿನದು. ಅದರ ಬದಲು ಇಲ್ಲಿನ ಜಿಂಕೆ, ಕಡವೆಯ ಕೂದಲು ಹುಡುಕಬೇಡಿ. ಕಾಡುಕೋಳಿಯ ಕತ್ತಿನ ಗರಿಯೂ ಬೇಡ. ಮೂರೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಮನೆಯಲ್ಲಿಟ್ಟುಕೊಂಡರೂ ತಪ್ಪೇ. ರೆಕ್ಕೆಗೆ ಸ್ಟೇಷನರಿ ಅಂಗಡಿಯ 2 ಮಿ.ಮೀ. ಫೋಮ್ ಶೀಟ್ ತನ್ನಿ. ಅದು ನೀರು ಕುಡಿಯುವುದಿಲ್ಲ, ಬಾಳಿಕೆಯಲ್ಲಿ ಕೂದಲಿಗಿಂತ ಒಂದು ಕೈ ಮೇಲು.

ಉಳಿದದ್ದು: 12ನೇ ಸೈಜಿನ ಡ್ರೈ ಫ್ಲೈ ಕೊಕ್ಕೆ, ಫ್ಲೈ ಕಟ್ಟುವ 6/0 ಸೈಜಿನ ತೆಳು ದಾರ, ಮೋಟರ್ ವೈಂಡಿಂಗ್ ಅಂಗಡಿಯ 40 ಗೇಜ್ ತಾಮ್ರದ ತಂತಿ ಒಂದು ಗೇಣು, ಕಂದು ಬಣ್ಣದ ಅಕ್ರಿಲಿಕ್ ನೂಲು, ಫೆವಿಕ್ವಿಕ್, ಬಲಿತ ನಾಟಿ ಹುಂಜದ ಕತ್ತಿನ ಗರಿ. ಗರಿಯನ್ನು ಬಾಗಿಸಿದಾಗ ಎದ್ದು ನಿಲ್ಲುವ ಎಳೆ ಕೊಕ್ಕೆಯ ಬಾಯಿಯ ಒಂದೂವರೆಯಷ್ಟಿರಲಿ. ಹೇಂಟೆಯ ಗರಿ ಮೆತ್ತಗೆ, ನೀರು ಹೀರಿ ಮುಳುಗುತ್ತದೆ.

ಮೊದಲು ಕೊಕ್ಕೆಯ ಮೊನೆಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಅಮುಕಿ. ಕೊಕ್ಕೆಯ ಕಣ್ಣಿನ (ದಾರ ಪೋಣಿಸುವ ತೂತು) ಹಿಂದಿನಿಂದ ಬಾಗಿನವರೆಗೆ ಒತ್ತಾಗಿ ದಾರ ಸುತ್ತಿ, ಬಾಗಿನಲ್ಲಿ ತಂತಿ ಕಟ್ಟಿ ಹಿಂದಕ್ಕೆ ಬಿಡಿ. ನೂಲನ್ನು 1 ಸೆಂ.ಮೀ. ತುಂಡು ಮಾಡಿ, ಹಿಂಜಿ, ದಾರಕ್ಕೆ ತೆಳ್ಳಗೆ ಹೊಸೆದು ಮೈ ಸುತ್ತುತ್ತ ಬನ್ನಿ. ಕಣ್ಣಿನ ಹಿಂದೆ 3 ಮಿ.ಮೀ. ಖಾಲಿ ಇರಲೇಬೇಕು. ಇಲ್ಲವಾದರೆ ರೆಕ್ಕೆ ಕಟ್ಟುವಾಗ ಕಣ್ಣೇ ಮುಚ್ಚಿಹೋಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಈಗ ಮುಖ್ಯವಾದ ಕೆಲಸ. ಗರಿಯ ಬುಡವನ್ನು ಮುಂದುಗಡೆ ಕಟ್ಟಿ. ಹೊಳಪಿನ ಬದಿ ಕಣ್ಣಿನತ್ತ ಇರಲಿ. ಅಲ್ಲಿಂದ ಹಿಂದಕ್ಕೆ ಐದು ಸುತ್ತು ತನ್ನಿ. ಗರಿಯ ತುದಿಯನ್ನು ಬಿಗಿಹಿಡಿದು ಅದರ ಮೇಲೆ ತಂತಿಯನ್ನು ಎರಡು ಸುತ್ತು ಹಾಕಿ, ಆಮೇಲೆ ಮುಂದಕ್ಕೆ ಐದಾರು ಸುತ್ತು ಒಯ್ಯಿರಿ. ತಂತಿಯನ್ನೂ ಗರಿ ಸುತ್ತಿದ ದಿಕ್ಕಿಗೇ ತಿರುಗಿಸಿ. ಗರಿ ಹಿಂದಕ್ಕೆ, ತಂತಿ ಮುಂದಕ್ಕೆ ಸಾಗುವುದರಿಂದ ಎರಡೂ ತಾವಾಗಿಯೇ ಕತ್ತರಿಯಾಕಾರದಲ್ಲಿ ದಾಟುತ್ತವೆ. ತಂತಿಯನ್ನು ಅತ್ತಿತ್ತ ಅಲ್ಲಾಡಿಸುತ್ತ ಎಳೆಗಳ ನಡುವೆ ನುಸುಳಿಸಿ. ನೇರ ಎಳೆದರೆ ಅರ್ಧ ಎಳೆ ಮಲಗಿಬಿಡುತ್ತವೆ. ಕೊನೆಗೆ ತಂತಿಯನ್ನು ಮುಂದುಗಡೆ ದಾರದಿಂದ ಕಟ್ಟಿ. ಇಷ್ಟಾದ ಮೇಲೆ ದಂಟು ಎಲ್ಲಿ ತುಂಡಾದರೂ ಉಳಿದ ಸುತ್ತುಗಳನ್ನು ತಂತಿ ಹಿಡಿದಿಡುತ್ತದೆ.

ಮೇಲ್ಗಡೆಯ ಎಳೆ ಕತ್ತರಿಸಿ. 3 ಮಿ.ಮೀ. ಅಗಲದ ಫೋಮ್ ಪಟ್ಟಿಯ ತುದಿ ದುಂಡಗೆ ಮಾಡಿ, ಬಾಗನ್ನು ತುಸು ದಾಟುವಂತೆ ಮೇಲಿಡಿ. ಕಟ್ಟುವ ಜಾಗಕ್ಕೆ ಸೂಜಿಮೊನೆಯಷ್ಟು ಫೆವಿಕ್ವಿಕ್ ಸಾಕು. ಮೊದಲೆರಡು ಸುತ್ತು ಸಡಿಲ, ಆಮೇಲೆ ಮೆಲ್ಲಗೆ ಬಿಗಿ. ಒಮ್ಮೆಲೇ ಎಳೆದರೆ ದಾರ ಫೋಮನ್ನು ಕೊಯ್ಯುತ್ತದೆ. ಮುಂದೆ 2 ಮಿ.ಮೀ. ತಲೆ ಬಿಟ್ಟು ಕತ್ತರಿಸಿ. ಕೊನೆಯ ಗಂಟಿಗೆ ಮುಂಚೆ ಅಂಟನ್ನು ದಾರಕ್ಕೇ ಸವರಿ. ಕೊಕ್ಕೆಗೆ ಹನಿಸಿದರೆ ಕಣ್ಣು ಕಟ್ಟಿಕೊಳ್ಳುತ್ತದೆ.

ಹಗುರವಾದ 4-ವೇಟ್ ಫ್ಲೈ ರಾಡ್, ಅದರ ಲೈನಿಗೆ 9 ಅಡಿ ಲೀಡರ್ (ತುದಿಯತ್ತ ಸಪೂರವಾಗುವ ಪಾರದರ್ಶಕ ಎಳೆ), ತುದಿಗೆ ಫ್ಲೈ ಕಟ್ಟಲು 5ಎಕ್ಸ್ ದಪ್ಪದ ಟಿಪೆಟ್ ಎಂಬ ಇನ್ನೂ ತೆಳು ಎಳೆ ಸಾಕು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಸಂಜೆ ಹೊತ್ತು, ಹರಿವಿಗೆ ಎದುರಾಗಿ ಓರೆಯಾಗಿ ಬೀಸಿ. ಫ್ಲೈ ಹರಿವಿನ ವೇಗದಲ್ಲೇ ತೇಲಬೇಕು. ಅದರ ಹಿಂದೆ ನೀರಿನಲ್ಲಿ ಗೀರು ಕಂಡರೆ ದಾರ ಎಳೆಯುತ್ತಿದೆ ಎಂದರ್ಥ, ಅಂಥದ್ದನ್ನು ಮೀನು ಮುಟ್ಟುವುದು ಕಡಿಮೆ. ಕಚ್ಚಿದಾಗ ರಾಡಿನ ತುದಿ ಎತ್ತಿದರೆ ಸಾಕು, ಜಗ್ಗಬೇಡಿ. ಅಭಯಾರಣ್ಯದೊಳಗೆ, ಶೃಂಗೇರಿಯಂಥ ದೇವರ ಮೀನಿನ ಮಡುಗಳಲ್ಲಿ ಗಾಳ ಹಾಕುವಂತಿಲ್ಲ. ಬೇರೆಡೆಯೂ ಅನುಮತಿ ವಿಚಾರಿಸಿಕೊಂಡೇ ಇಳಿಯಿರಿ.

ಮೀನು ಬಿಟ್ಟ ಮೇಲೆ ಫ್ಲೈಯ ಲೋಳೆ ತೊಳೆದು, ಬಟ್ಟೆಯಲ್ಲಿ ಒತ್ತಿ, ಗಾಳಿಯಲ್ಲಿ ನಾಲ್ಕು ಸಲ ಬೀಸಿ ಒಣಗಿಸಿ. ಫ್ಲೈ ತೇಲಿಸುವ ಜೆಲ್ ಹಚ್ಚುವುದು ಒಣಗಿದ ಮೇಲೆಯೇ, ಅದೂ ಸಾಸಿವೆಯಷ್ಟು. ನಮ್ಮ ಮಳೆಗಾಲದ ತೇವಕ್ಕೆ ಮುಚ್ಚಿಟ್ಟ ಡಬ್ಬಿಯೊಳಗೂ ಕೊಕ್ಕೆ ತುಕ್ಕು ಹಿಡಿಯುತ್ತದೆ, ಗರಿಗೆ ಬೂಸ್ಟು ಬರುತ್ತದೆ. ಫ್ಲೈಗಳನ್ನು ಒಂದು ರಾತ್ರಿ ಮನೆಯೊಳಗೆ ತೆರೆದಿಟ್ಟು ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡಿ.