ಬೇಸಗೆಯಲ್ಲಿ ತೆಂಗಿನ ತೋಟದ ಮೇವಿನ ಹುಲ್ಲು: ಮೇಯಿಸುವ ಕ್ರಮ

ಫೆಬ್ರವರಿ ಕಳೆಯುವಷ್ಟರಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗಳಲ್ಲಿ ತಾನಾಗಿ ಬೆಳೆಯುವ ಮುಳಿಹುಲ್ಲು ಒಣಗಿ ನಿಸ್ಸಾರವಾಗುತ್ತದೆ. ಅಲ್ಲಿಂದ ಜೂನ್ ತಿಂಗಳ ಮಳೆಯವರೆಗೆ ಹಟ್ಟಿಯ ದನಗಳಿಗೆ ಹಸಿರು ಮೇವು ದೊರೆಯುವುದು ನೀರು ಹಾಯುವ ತೋಟದಲ್ಲಿ ಮಾತ್ರ. ಬೆಳಕು ಚೆನ್ನಾಗಿ ಇಳಿಯುವ ಹಳೆಯ ತೆಂಗಿನ ತೋಟವಿದ್ದರೆ ಮೇಯಿಸುವುದಕ್ಕೆ ಗಿನಿ ಹುಲ್ಲೇ ಯೋಗ್ಯ. ಅದು ಸ್ವಲ್ಪ ನೆರಳನ್ನು ತಾಳಿಕೊಳ್ಳುತ್ತದೆ. ಇನ್ನೊಂದು ಮೇವಿನ ಹುಲ್ಲಾದ ನೇಪಿಯರ್‌ಗೆ ಬಿಸಿಲು ಬೇಕು, ಅದನ್ನು ಕೊಯ್ದು ಹಾಕುವುದೇ ಲೇಸು.

ಬೇಸಗೆಯಲ್ಲಿ ಹುಲ್ಲು ಕೆಡುವುದು ನೀರು ಸಾಲದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ನೀರಿದ್ದೂ ಕೆಡುವ ತೋಟಗಳಲ್ಲಿ ಕಾರಣ ಬೇರೆ: ಹುಲ್ಲಿಗೆ ವಿಶ್ರಾಂತಿ ಇರುವುದಿಲ್ಲ. ಮೇದುಹೋದ ಬುಡದಲ್ಲಿ ನಾಲ್ಕೈದು ದಿನಗಳೊಳಗೆ ಎಳೆಯ ಚಿಗುರು ಕಾಣಿಸುತ್ತದೆ, ಮತ್ತು ಪಕ್ಕದಲ್ಲಿ ಬಲಿತ ಹುಲ್ಲು ಧಾರಾಳವಾಗಿದ್ದರೂ ದನವು ಆ ಚಿಗುರನ್ನೇ ಹುಡುಕಿ ಕಚ್ಚುತ್ತದೆ. ಚಿಗುರಿಗೆ ಬೇಕಾದ ಆಹಾರವು ಕಾಂಡದ ಬುಡದಲ್ಲಿ ಸಂಗ್ರಹವಾಗಿರುವುದರಿಂದ, ಎಲೆ ಬೆಳೆದು ಆ ಸಂಗ್ರಹವನ್ನು ಮತ್ತೆ ತುಂಬುವ ಮೊದಲೇ ಎರಡನೆಯ ಸಲ ಬಾಯಿ ಬಿದ್ದರೆ ಬೇರು ಕುಗ್ಗುತ್ತದೆ; ಬೇರು ಕುಗ್ಗಿದ ಹುಲ್ಲಿಗೆ ಎಷ್ಟು ಹೊತ್ತು ಪಂಪು ಬಿಟ್ಟರೂ ಫಲವಿಲ್ಲ.

ಆದ್ದರಿಂದ ತೋಟವನ್ನು 10 ಭಾಗಗಳಾಗಿ ವಿಂಗಡಿಸಿ, ಒಂದೊಂದರಲ್ಲಿ 4 ದಿನಕ್ಕಿಂತ ಹೆಚ್ಚು ಮೇಯಿಸದಿದ್ದರೆ, ಪ್ರತಿ ಭಾಗಕ್ಕೂ 36 ದಿನಗಳ ಬಿಡುವು ದೊರೆಯುತ್ತದೆ. ಬೇಲಿ ಇಲ್ಲದವರು ಗೂಟ ಹೊಡೆದು ಹಗ್ಗದಲ್ಲಿ ಕಟ್ಟಿದರೂ ಸಾಕು. ದಿನದ ಲೆಕ್ಕಕ್ಕಿಂತ ಹುಲ್ಲಿನ ಎತ್ತರವನ್ನು ನಂಬುವುದು ಒಳ್ಳೆಯದು: ಮೊಣಕಾಲೆತ್ತರ ಬೆಳೆದ ಮೇಲೆ ದನ ಬಿಡಬೇಕು, ಒಂದು ಗೇಣು ಉಳಿದಿರುವಾಗಲೇ ಹೊರಗೆ ಹೊಡೆಯಬೇಕು. ಮುಂದಿನ ಭಾಗ ಇನ್ನೂ ಸಿದ್ಧವಾಗಿಲ್ಲದಿದ್ದರೆ ಹಟ್ಟಿಯಲ್ಲೇ ಕಟ್ಟಿ ಬೈಹುಲ್ಲು ಹಾಕಿರಿ. ಆ ಒಂದು ಗೇಣನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ನೀರು ಹಾಯಿಸುವುದು ದನಗಳು ಹೊರಬಂದ ಮೇಲೆ. ಒದ್ದೆ ಮಣ್ಣನ್ನು ಗೊರಸು ತುಳಿದರೆ ನೆಲ ಗಟ್ಟಿಯಾಗುತ್ತದೆ, ಕಾಸರಗೋಡು ಗಿಡ್ಡ ತಳಿಯಂತಹ ಹಗುರ ದನಗಳಿಂದ ಈ ತೊಂದರೆ ಕಡಿಮೆ. ಸಗಣಿ ಬಿದ್ದ ಸುತ್ತಲಿನ ಹುಲ್ಲನ್ನು ದನ ಮುಟ್ಟದೆ ಬಿಡುವುದರಿಂದ, ಸಗಣಿಯನ್ನು ಒಡೆದು ಹರಡಿ, ಬಲಿತು ನಿಂತ ಬುಡಗಳನ್ನು ಕತ್ತಿಯಿಂದ ಒಂದೇ ಎತ್ತರಕ್ಕೆ ಸವರಬೇಕು. ಬಳಿಕ ನೀರು ಬೆರೆಸಿದ ಸಗಣಿ ಸ್ಲರಿ ಹಾಕಬಹುದು.

ಮೊದಲ ಮಳೆಗೆ ಏಳುವ ಹುಲ್ಲಿನಲ್ಲಿ ನೀರಿನಂಶವೇ ಹೆಚ್ಚು, ನಾರು ಕಡಿಮೆ. ಹಸಿದ ದನವನ್ನು ನೇರವಾಗಿ ಅದಕ್ಕೆ ಬಿಟ್ಟರೆ ಹೊಟ್ಟೆ ಕೆಡುತ್ತದೆ. ಬೈಹುಲ್ಲು ತಿನ್ನಿಸಿಯೇ ಬಿಡಬೇಕು. ಅದೇ ಸಮಯಕ್ಕೆ ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ಕೆಲಸವೂ ಆರಂಭವಾಗುತ್ತದೆ. ಅದರಲ್ಲಿರುವ ಮೈಲುತುತ್ತು (ತಾಮ್ರದ ಸಲ್ಫೇಟ್) ಜಾನುವಾರುಗಳಿಗೆ ವಿಷವಾದ್ದರಿಂದ, ಅಡಿಕೆ ತೋಟಕ್ಕೆ ತಾಗಿರುವ ಹುಲ್ಲಿನ ಭಾಗಗಳನ್ನು ಸಿಂಪಡಣೆಗೆ ಮೊದಲೇ ಮೇಯಿಸಿ ಮುಗಿಸಿ, ನೀಲಿ ಹನಿ ಬಿದ್ದ ಹುಲ್ಲನ್ನು ಕೊಯ್ದು ದನಗಳಿಗೆ ಸಿಗದಂತೆ ದೂರ ಹಾಕಿರಿ.