ಹಿಮಬಿರುಗಾಳಿ ಹೊರಟ ಮೇಲೆ ಮುನ್ನೋಟ ಬರೆಯುವುದು: ನನ್ನ ಅನುಭವ

2022ರ ಜನವರಿ 29ರ ಶನಿವಾರ ರಾತ್ರಿ ಹತ್ತರ ಸುಮಾರಿಗೆ ಹಿಂಬಾಗಿಲಿನ ದೀಪ ಹಾಕಿ ನೋಡಿದಾಗ, ಬೆಳಗಿನಿಂದ ಅಡ್ಡಡ್ಡಲಾಗಿ ನುಗ್ಗಿ ಬರುತ್ತಿದ್ದ ಹಿಮ ತೆಳ್ಳಗಾಗಿ, ಅಪರೂಪಕ್ಕೆ ನೆಟ್ಟಗೆ ಕೆಳಗಿಳಿಯತೊಡಗಿತ್ತು. ಅಡುಗೆಮನೆಯ ಗೋಡೆಯ ಮೇಲಿರುವ ವಾಯುಭಾರಮಾಪಕದ ಮುಳ್ಳು ಸಂಜೆಯಿಂದ ಏರುತ್ತಲೇ ಇತ್ತು. ಈಶಾನ್ಯದಿಂದ ಬೀಸುತ್ತಿದ್ದ ಗಾಳಿ ಉತ್ತರಕ್ಕೆ ತಿರುಗಿ, ಅಲ್ಲಿಂದ ವಾಯವ್ಯದತ್ತ ಸರಿಯುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಈ ಎರಡು ಗುರುತುಗಳೂ ಒಟ್ಟಿಗೆ ಕಂಡವೆಂದರೆ, ಬಿರುಗಾಳಿಯ ನಡುಭಾಗ ನಮ್ಮನ್ನು ದಾಟಿ ಕೆನಡಾದ ಕಡಲ ತೀರದ ಕಡೆಗೆ ಹೊರಟಿದೆ ಎಂದೇ ಅರ್ಥ. ನನ್ನ ಬರವಣಿಗೆ ಶುರುವಾಗುವುದು ಆ ಹೊತ್ತಿಗೆ.

ವೃತ್ತಿಯಿಂದ ನಾನು ಹವಾಮಾನ ತಜ್ಞನಲ್ಲ. ತಂತ್ರಾಂಶದ ಕೆಲಸ ಮಾಡುವವನು. ಆದರೆ ಹಲವು ವರ್ಷಗಳಿಂದ ಕೊಕೊರಾಸ್ ಎಂಬ ಸ್ವಯಂಸೇವಕರ ಜಾಲಕ್ಕೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಮಳೆ ಮತ್ತು ಹಿಮದ ಅಳತೆ ಕಳುಹಿಸುತ್ತಿದ್ದೇನೆ. ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ 1997ರಲ್ಲಿ ಬಂದ ದಿಢೀರ್ ಪ್ರವಾಹದ ಮರುವರ್ಷ, ಒಂದೇ ಊರಿನೊಳಗೆ ಮಳೆ ಎಷ್ಟು ಹೆಚ್ಚುಕಡಿಮೆ ಬೀಳುತ್ತದೆ ಎಂಬುದನ್ನು ಹಿಡಿಯಲು ಹುಟ್ಟಿಕೊಂಡ ಜಾಲ ಅದು. ಆ ಅಳತೆಯ ಅಭ್ಯಾಸದಿಂದಲೇ ಇನ್ನೊಂದು ಕೆಲಸವೂ ಅಂಟಿಕೊಂಡಿತು. ದೊಡ್ಡ ಬಿರುಗಾಳಿ ಬಂದು ಹೋದಾಗಲೆಲ್ಲ ಫ್ರೇಮಿಂಗ್‌ಹ್ಯಾಮ್, ಆ್ಯಶ್‌ಲ್ಯಾಂಡ್, ವೆಸ್ಟ್‌ಬರೊ, ಶ್ರೂಸ್‌ಬರಿ ಕಡೆಯ ಪರಿಚಿತ ಕನ್ನಡ ಕುಟುಂಬಗಳಿಗೆ ಮುಂದಿನ ಐದು ದಿನಗಳ ಮುನ್ನೋಟವನ್ನು ಕನ್ನಡದಲ್ಲಿ ಬರೆದು ಕಳುಹಿಸುತ್ತೇನೆ. ಇಂಗ್ಲಿಷಿನಲ್ಲಿ ಬೇಕಾದಷ್ಟು ಮುನ್ಸೂಚನೆಗಳಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ನನ್ನ ಓದುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಗನ ಮನೆಗೋ ಮಗಳ ಬಾಣಂತನಕ್ಕೋ ಬಂದಿರುವ ಹಿರಿಯರು, ಜೀವನದಲ್ಲಿ ಮೊದಲ ಬಾರಿಗೆ ಹಿಮ ನೋಡುತ್ತಿರುವವರು. ಹಗಲು ಮಕ್ಕಳು ಕೆಲಸದಲ್ಲಿ ಮುಳುಗಿರುವಾಗ ಬಾಗಿಲು ತೆರೆದು ಹೊರಗೆ ಕಾಲಿಡುವವರೂ ಅವರೇ.

ಬರೆಯುವ ಮೊದಲು ಅಳೆಯಬೇಕು. ಹಿತ್ತಿಲಲ್ಲಿ ಎರಡಡಿ ಚೌಕದ, ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ ಇಟ್ಟಿದ್ದೇನೆ. ಆ ಭಾನುವಾರ ಬೆಳಿಗ್ಗೆ ಟಾರ್ಚ್ ಹಿಡಿದು ಹೋದಾಗ ಹಲಗೆಯ ಒಂದು ಮೂಲೆ ಬರಿದಾಗಿತ್ತು. ನಾಲ್ಕು ಮಾರು ಆಚೆ ಬೇಲಿಯ ಬುಡದಲ್ಲಿ ಹಿಮ ನನ್ನ ಸೊಂಟದವರೆಗೆ ಗುಡ್ಡೆಯಾಗಿತ್ತು. ಗಾಳಿ ಹೀಗೆ ಕೈವಾಡ ತೋರಿಸಿದಾಗ ಒಂದು ಅಳತೆಯನ್ನು ನಂಬಬಾರದು. ಮನೆ ಮತ್ತು ಮರಗಳಿಂದ ದೂರ, ಹಿಮ ಆದಷ್ಟು ಸಮನಾಗಿ ಹರಡಿರುವ ಹತ್ತು ಕಡೆ ಕೋಲಿಳಿಸಿ ಸರಾಸರಿ ತೆಗೆದೆ. ಹದಿನೈದು ಇಂಚಿನ ಆಸುಪಾಸು ಬಂತು. ಬಳಿಕ ಮಳೆಮಾಪಕದ ನಾಲ್ಕು ಇಂಚು ಅಗಲದ ಹೊರಕೊಳವೆಯನ್ನು ಬೋರಲು ಹಾಕಿ, ಕಡುಬಿನ ಲೋಟ ಒತ್ತಿದಂತೆ ಹಿಮದೊಳಗೆ ಒತ್ತಿ, ಅಡಿಗೆ ತಗಡು ತೂರಿಸಿ ಎತ್ತಿಕೊಂಡು ಒಳಗೆ ತಂದೆ. ಅಳೆದ ಬಿಸಿನೀರು ಹೊಯ್ದು ಕರಗಿಸಿ, ಹೊಯ್ದಷ್ಟನ್ನು ಕಳೆದರೆ ಉಳಿಯುವುದೇ ಹಿಮದಲ್ಲಿದ್ದ ನೀರು. ಅದು ಸುಮಾರು ಒಂದು ಇಂಚು ಇತ್ತು.

ಆ ಒಂದು ಇಂಚಿನ ಲೆಕ್ಕ ನನ್ನ ಮುನ್ನೋಟದ ಮೊದಲ ಸಾಲಾಗುತ್ತದೆ. ಒಂದು ಚದರಡಿಯ ಮೇಲೆ ಒಂದು ಇಂಚು ನೀರೆಂದರೆ ಐದು ಪೌಂಡಿಗಿಂತ ತುಸು ಹೆಚ್ಚು ತೂಕ. ಇಪ್ಪತ್ತಡಿ ಅಗಲ, ನಲವತ್ತಡಿ ಉದ್ದದ ಡ್ರೈವ್‌ವೇ (ಮನೆ ಮುಂದಿನ ಕಾರಿನ ದಾರಿ) ಮೇಲೆ ಹೆಚ್ಚು ಕಡಿಮೆ ಎರಡು ಟನ್ ಕೂತಿದೆ ಎಂದು ಬರೆದರೆ, ಬೆಳಿಗ್ಗೆ ಎದ್ದವರೇ ಕಾಫಿಗೂ ಮೊದಲು ಸಲಿಕೆ ಹಿಡಿಯುವ ಹಿರಿಯರು ಒಂದು ಗಳಿಗೆ ಯೋಚಿಸುತ್ತಾರೆ. ಹಿಮ ಹಗುರವಾಗಿದೆ ಎಂದು ಟಿವಿಯಲ್ಲಿ ಹೇಳಿದ್ದು ಸುಳ್ಳಲ್ಲ, ಹದಿನೈದು ಇಂಚಿಗೆ ಒಂದೇ ಇಂಚು ನೀರಿರುವ ಹಿಮ ಹಗುರವೇ; ಆದರೆ ರಸ್ತೆಯ ಹಿಮ ತಳ್ಳುವ ಪ್ಲೌ ಲಾರಿ ಡ್ರೈವ್‌ವೇ ಬಾಯಿಗೆ ತಂದು ಒಟ್ಟುವ ದಿಂಡು ಹಗುರವಲ್ಲ. ಅದು ಒತ್ತಿ ಗಟ್ಟಿಯಾದ ಹಿಮ, ರಾತ್ರಿ ಕಳೆದರೆ ಕಲ್ಲು.

ಬಿರುಗಾಳಿಯ ಕಥೆಯನ್ನು ನಾನು ಚಿಕ್ಕದಾಗಿ ಮುಗಿಸುತ್ತೇನೆ. ಆ ದಿನ ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಲ್ಲಿ 23.6 ಇಂಚು ಹಿಮ ಬಿದ್ದು, 2003ರ ಫೆಬ್ರವರಿ 17ರ ಒಂದೇ ದಿನದ ದಾಖಲೆಯನ್ನು ಸರಿಗಟ್ಟಿತು. ದಕ್ಷಿಣದ ಸ್ಟೌಟನ್‌ನಲ್ಲಿ 30.9 ಇಂಚು. ಮೂರು ಗಂಟೆಗಳ ಕಾಲ ಗಂಟೆಗೆ 35 ಮೈಲಿ ಗಾಳಿ ಮತ್ತು ಕಾಲು ಮೈಲಿಗಿಂತ ಕಡಿಮೆ ಗೋಚರತೆ ಇದ್ದರೆ ಮಾತ್ರ ಅದನ್ನು ಬ್ಲಿಜರ್ಡ್ ಎನ್ನುತ್ತಾರೆ, ಇದು ನಿಜಕ್ಕೂ ಆ ಹೆಸರಿಗೆ ತಕ್ಕದ್ದಾಗಿತ್ತು. ಇಷ್ಟು ಸಾಕು. ಹೋದದ್ದರ ವರ್ಣನೆಗೆ ಎರಡು ಸಾಲಿಗಿಂತ ಹೆಚ್ಚು ಕೊಟ್ಟರೆ ಓದುಗರು ಅದನ್ನೇ ಓದಿ ಊರಿಗೆ ಫೋನ್ ಮಾಡುತ್ತಾರೆ, ನಾಳೆಯ ಸಾಲಿಗೆ ಬರುವುದೇ ಇಲ್ಲ.

ನಾಳೆಯ ಸಾಲು ಬರೆಯುವುದಕ್ಕೆ ನಾನು ನೆಚ್ಚಿಕೊಂಡಿರುವುದು ನಾರ್ಟನ್‌ನಲ್ಲಿರುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿಯವರು ದಿನಕ್ಕೆ ಹಲವು ಬಾರಿ ಹೊರಡಿಸುವ ಚರ್ಚಾ ಟಿಪ್ಪಣಿಯನ್ನು. ಚಿತ್ರ, ಬಣ್ಣಗಳಿಲ್ಲದ ಆ ಒಣ ಬರಹದಲ್ಲಿ ಮುನ್ಸೂಚಕರು ತಮಗೆ ಯಾವುದರಲ್ಲಿ ಭರವಸೆ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನೂ ಹೇಳುತ್ತಾರೆ. ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕ ಹಾಕುವ ಅಮೆರಿಕದ ಮಾದರಿ, ಯುರೋಪಿನ ಮಾದರಿ ಎರಡನ್ನೂ ನಾನು ತೆರೆದು ನೋಡುತ್ತೇನೆ, ಆದರೆ ಆ ಟಿಪ್ಪಣಿಗೆ ವಿರುದ್ಧವಾಗಿ ನನ್ನದೇ ಅಂದಾಜು ಬರೆಯುವ ಧೈರ್ಯ ಮಾಡುವುದಿಲ್ಲ. ನಾನು ಸೇರಿಸುವುದು ನೆಲದ ಲೆಕ್ಕವನ್ನು ಮಾತ್ರ. ಬಿರುಗಾಳಿಯ ಬೆನ್ನಿಗೆ ಬರುವ ವಾಯವ್ಯದ ಗಾಳಿ ಕೆನಡಾದ ಒಣ ಚಳಿಯನ್ನು ಎಳೆದು ತರುತ್ತದೆ. ಅದರ ಹಿಂದೆ ಹೆಚ್ಚಿನ ಒತ್ತಡದ ವಲಯ ಬಂದು ಕೂತಾಗ ಗಾಳಿ ನಿಂತು ಆಕಾಶ ತಿಳಿಯಾಗುತ್ತದೆ. ಜನ ನಿಟ್ಟುಸಿರು ಬಿಡುವುದು ಆಗಲೇ, ಚಳಿ ತಳ ಮುಟ್ಟುವುದೂ ಆಗಲೇ. ಹೊಸ ಹಿಮ ಹಗಲಿನ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ, ರಾತ್ರಿ ತನ್ನಲ್ಲಿರುವ ಶಾಖವನ್ನು ಮೋಡವಿಲ್ಲದ ಬಾನಿಗೆ ಧಾರಾಳವಾಗಿ ಬಿಟ್ಟುಕೊಡುತ್ತದೆ, ಮತ್ತು ಕಂಬಳಿಯಂತೆ ಹೊದ್ದುಕೊಂಡು ನೆಲದ ಬಿಸಿ ಮೇಲೆ ಬಾರದಂತೆ ತಡೆಯುತ್ತದೆ. ಆದ್ದರಿಂದ ಬಾಸ್ಟನ್ ಬಂದರಿನ ಬಳಿಯ ಒಂದು ಅಂಕಿಯನ್ನು ಇಡೀ ಪ್ರದೇಶಕ್ಕೆ ಹಚ್ಚುವುದು ತಪ್ಪು. ಕಡಲ ಪಕ್ಕದ ಊರಿಗಿಂತ ವೆಸ್ಟ್‌ಬರೊದ ತಗ್ಗಿನಲ್ಲಿ ಅದೇ ರಾತ್ರಿ ಹತ್ತು ಡಿಗ್ರಿ ಕಡಿಮೆ ಇರುವುದು ವಿಶೇಷವೇನಲ್ಲ.

ಈ ನೆಲದ ಲೆಕ್ಕವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. 2015ರ ಫೆಬ್ರವರಿಯಲ್ಲಿ ಬಾಸ್ಟನ್ನಿನಲ್ಲಿ ಒಂದೇ ತಿಂಗಳು 64.8 ಇಂಚು ಹಿಮ ಬಿದ್ದಾಗ, ಒಂದು ಬಿರುಗಾಳಿ ಕಳೆದ ಸಂಜೆ, ‘ನಾಳೆ ಬೆಳಿಗ್ಗೆ ಮಂಜು ಇರುವುದಿಲ್ಲ, ಬಿಸಿಲು ಬರುತ್ತದೆ’ ಎಂದು ಬರೆದೆ. ಹಿಮ ಬೀಳುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು. ಹಾಸನದ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಅದನ್ನು ಓದಿ, ನೆಲದ ಮೇಲೆ ಏನೂ ಇರುವುದಿಲ್ಲವೆಂದು ತಿಳಿದು, ಆರೂವರೆಗೆ ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಟರು. ಹಿಂದಿನ ಮಧ್ಯಾಹ್ನ ಕರಗಿ ಹರಿದು, ಸಂಜೆ ಐದರ ಸೂರ್ಯಾಸ್ತದ ಬಳಿಕ ಗಾಜಿನಂತೆ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ನೋಡಲು ಹೋದಾಗ ಅವರು ಬೈಯಲಿಲ್ಲ. ‘ಮಂಜು ಇಲ್ಲ ಅಂತ ನೀವೇ ಬರೆದಿದ್ದಿರಲ್ಲ ಸ್ವಾಮಿ’ ಎಂದಷ್ಟೇ ಕೇಳಿದರು. ಇಬ್ಬನಿಯೂ ಮಂಜು, ಕಾವಳವೂ ಮಂಜು, ಬೀಳುವ ಹಿಮವೂ ಮಂಜು, ಫ್ರಿಜ್ಜಿನಲ್ಲಿ ಕಟ್ಟಿದ್ದೂ ಮಂಜು ಎನ್ನುವ ನಮ್ಮ ಮಾತನ್ನು ಮಲೆನಾಡಿನ ಬೆಳಗಿಗೆ ಬಿಟ್ಟುಕೊಟ್ಟು, ಅಂದಿನಿಂದ ಆ ಪದವನ್ನು ಮುನ್ನೋಟದಲ್ಲಿ ಬಳಸುವುದನ್ನೇ ನಿಲ್ಲಿಸಿದೆ. ಬೀಳುವುದಕ್ಕೆ ‘ಹಿಮ’, ನೆಲದಲ್ಲಿ ಕಟ್ಟಿಕೊಂಡದ್ದಕ್ಕೆ ‘ಗಡ್ಡೆ’, ಟಾರಿನ ಬಣ್ಣವೇ ಕಾಣುವಂತೆ ತೆಳುವಾಗಿ ಕಟ್ಟಿದ್ದಕ್ಕೆ ‘ಕಾಣದ ಗಡ್ಡೆ’ ಎಂದು ಬರೆಯುತ್ತೇನೆ. ನಿಘಂಟಿನವರು ಒಪ್ಪುತ್ತಾರೋ ಇಲ್ಲವೋ, ಆ್ಯಶ್‌ಲ್ಯಾಂಡ್‌ನ ಲಕ್ಷ್ಮಿ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಅಜ್ಜಿಯೊಬ್ಬರು ಮೊಮ್ಮಗನಿಗೆ ‘ಅಲ್ಲಿ ಕಾಣದ ಗಡ್ಡೆ ಇರ್ಬೋದು, ಕೈ ಹಿಡ್ಕೊ’ ಎಂದದ್ದನ್ನು ನಾನೇ ಕೇಳಿದ್ದೇನೆ.

2022ರ ಆ ಭಾನುವಾರದ ಮುನ್ನೋಟವನ್ನು ಹಾಗಾಗಿ ದಿನದ ಲೆಕ್ಕದಲ್ಲಲ್ಲದೆ ಗಂಟೆಗಳ ಲೆಕ್ಕದಲ್ಲಿ ಬರೆದೆ. ಹತ್ತರವರೆಗೆ ಹೊರಗೆ ಹೋಗಬೇಡಿ. ಉಷ್ಣಾಂಶ 5 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸೊನ್ನೆಗಿಂತ 15 ಸೆಲ್ಸಿಯಸ್ ಕೆಳಗಿದ್ದು, ಇಪ್ಪತ್ತು ಮೈಲಿ ಗಾಳಿ ಸೇರಿದರೆ ಮೈಗೆ ಅದು ಸೊನ್ನೆಗಿಂತ 26 ಸೆಲ್ಸಿಯಸ್ ಕೆಳಗಿದ್ದಂತೆ. ಹನ್ನೊಂದರಿಂದ ಮೂರರವರೆಗೆ ಕೆಲಸ ಮಾಡಿಕೊಳ್ಳಿ. ಮೂರರ ನಂತರ ಕರಗಿದ ನೀರನ್ನು ಗುಡಿಸಿ ಬಿಡಿ, ಉಪ್ಪು ಹಾಕುವುದಿದ್ದರೆ ಆಗಲೇ ಹಾಕಿ, ಏಕೆಂದರೆ 15 ಫ್ಯಾರನ್‌ಹೀಟ್‌ಗಿಂತ ಕೆಳಗೆ ಸಾಮಾನ್ಯ ಕಲ್ಲುಪ್ಪು ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇದ್ದರೆ ಅದು ಇನ್ನೂ ಕೆಳಗಿನ ಚಳಿಯಲ್ಲೂ ಕೆಲಸ ಮಾಡುತ್ತದೆ.

ಇದೆಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಪ್ರತಿ ಬಾರಿಯೂ ಒಂದೇ ಮಾತು ಹಾಕುತ್ತೇನೆ: ಮನೆಯ ಪಕ್ಕದ ಗೋಡೆಯಲ್ಲಿರುವ, ಮನೆ ಬೆಚ್ಚಗಿಡುವ ಫರ್ನೇಸಿನ ಹೊಗೆಕೊಳವೆಯ ಬಾಯನ್ನು ಮೊದಲು ಬಿಡಿಸಿ, ಕಾರನ್ನು ಆಮೇಲೆ. 2005ರ ಜನವರಿಯಲ್ಲಿ ಇದೇ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲಿ ಬಿರುಗಾಳಿಯ ನಂತರ ಹಿಮ ಆ ಬಾಯನ್ನು ಮುಚ್ಚಿ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತುಂಬಿ ಏಳು ವರ್ಷದ ಹುಡುಗಿ ತೀರಿಕೊಂಡಳು. ಮನೆಗಳಲ್ಲಿ ಆ ಅನಿಲದ ಎಚ್ಚರಗಂಟೆ ಕಡ್ಡಾಯವಾದದ್ದು ಆ ಸಾವಿನ ನಂತರವೇ. ಬಾಡಿಗೆ ಮನೆಗೆ ಹೊಸದಾಗಿ ಬಂದ ಹುಡುಗರನ್ನು ಕೇಳಿದರೆ ಆ ಕೊಳವೆ ಮನೆಯ ಯಾವ ಮಗ್ಗುಲಲ್ಲಿದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ.

ಮುನ್ನೋಟದ ಕೊನೆಯ ಭಾಗ ದೂರದ ದಿನಗಳದ್ದು, ಅಲ್ಲಿ ನಾನು ಅಂಕಿ ಕೊಡುವುದಿಲ್ಲ, ದಿಕ್ಕು ಮಾತ್ರ ಹೇಳುತ್ತೇನೆ. ಆ ಬಾರಿಯ ದಿಕ್ಕು ಸ್ಪಷ್ಟವಾಗಿತ್ತು: ವಾರದ ನಡುವೆ ನೈರುತ್ಯದ ಬೆಚ್ಚನೆಯ ಗಾಳಿ, ಫೆಬ್ರವರಿ 3ರ ಗುರುವಾರ ಮಳೆ, ಆ ಮೇಲೆ ಶುಕ್ರವಾರ ಮತ್ತೆ ಚಳಿ ನುಗ್ಗುವುದು. ಹಿಮದಲ್ಲಿ ಕೂತಿದ್ದ ಒಂದು ಇಂಚು ನೀರು ಮತ್ತು ಮೇಲಿಂದ ಬೀಳುವ ಮಳೆ ಎರಡೂ ಸೇರಿ ಹೋಗಬೇಕಾದ ಚರಂಡಿಯ ಬಾಯಿ ಪ್ಲೌ ಒಟ್ಟಿದ ದಿಂಡಿನ ಅಡಿಯಲ್ಲಿತ್ತು. ಬುಧವಾರ ಸಂಜೆ ಕೆಲಸ ಮುಗಿಸಿ ನಾನೂ ಪಕ್ಕದ ಮನೆಯವರೂ ಸೇರಿ, ಅಂದಾಜಿನ ಮೇಲೆ ಮೂರು ಕಡೆ ಅಗೆದು ನಾಲ್ಕನೆಯ ಕಡೆ ಅದರ ಕಬ್ಬಿಣದ ಜಾಲರಿಗೆ ಸಲಿಕೆ ತಾಗಿಸಿದೆವು. ಗುರುವಾರವಿಡೀ ನಮ್ಮ ಬೀದಿಯ ನೀರು ಅಲ್ಲಿ ಗುಳುಗುಳು ಇಳಿಯಿತು. ಶುಕ್ರವಾರ ಬೆಳಿಗ್ಗೆ ಉಷ್ಣಾಂಶ ಕುಸಿಯತೊಡಗಿದ ಹೊತ್ತಿಗೆ ಮುಂದಿನ ಸಂದೇಶ ಕಳುಹಿಸಿದೆ: ‘ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನದಿಂದ ಎಲ್ಲೆಲ್ಲೂ ಕಾಣದ ಗಡ್ಡೆ. ಮೆಟ್ಟಿಲಿಗೆ ಈಗಲೇ ಉಪ್ಪು ಹಾಕಿ.’