ಹೊನ್ನೆಕಾಯಿ ಎಣ್ಣೆಯಿಂದ ಪಂಪಿಗೆ ಬಯೋಡೀಸೆಲ್

ಕುಮಟಾ ಹತ್ತಿರದ ನಮ್ಮ ತೋಟದ ಅಂಚಿಗೆ ಎರಡು ಹೊನ್ನೆಮರ ಇವೆ. ರಾತ್ರಿ ಬಾವಲಿಗಳು ಹಣ್ಣಿನ ಸಿಪ್ಪೆ ತಿಂದು ಬೀಜ ಉದುರಿಸಿ ಹೋಗುತ್ತವೆ. ಬೆಳಿಗ್ಗೆ ಬುಟ್ಟಿ ಹಿಡಿದು ಹೋದರೆ ಆಯಿತು, ಸುಲಿಯುವ ಕೆಲಸವೂ ಇಲ್ಲ.

ತೋಟದ ಡೀಸೆಲ್ ಪಂಪಿಗೆ ಇಂಧನ ಮಾಡಲು ಮೊದಲು ನಾನು ಕಣ್ಣು ಹಾಕಿದ್ದು ಮುರುಗಲ (ಕೋಕಂ) ಬೀಜದ ಮೇಲೆ. "ಹಿಮ್ಮಡಿ ಒಡೆದರೆ ಹಚ್ಚೋ ತುಪ್ಪ ಅದು, ಪಂಪಿಗೆ ಹಾಕ್ತ್ಯ?" ಅಂದರು ಆಯಿ. ಸರಿಯಾದ ಮಾತು. ಮುರುಗಲ ತುಪ್ಪ ಸುಮ್ನೆ ಇಟ್ಟರೂ ಗಟ್ಟಿಯಾಗುತ್ತದೆ, ಅದರ ಇಂಧನವೂ ಬೇಗ ಹೆಪ್ಪುಗಟ್ಟುತ್ತದೆ. ಹಿಂದೆ ದೀಪಕ್ಕೆ ಹಾಕುತ್ತಿದ್ದ ಹೊನ್ನೆ ಎಣ್ಣೆಯೇ ಇದಕ್ಕೆ ಸರಿ.

ಬೀಜ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿ, ಒಡೆಯಿರಿ. ತಿರುಳನ್ನು ಮತ್ತೆ ಒಣಗಿಸಿ. ಬಿಳಿಚಿದ್ದ ತಿರುಳು ಕಂದಾಗಿ, ಹಿಡಿದರೆ ಬೆರಳಿಗೆ ಜಿಡ್ಡು ಹತ್ತಬೇಕು. ಆಮೇಲೆ ಗಾಣಕ್ಕೆ ಕೊಡಿ. ದಪ್ಪ ಹಸಿರೆಣ್ಣೆ ಬರುತ್ತದೆ. ಅದರಲ್ಲಿ ಅಂಟು ಜಾಸ್ತಿ. ಬಿಸಿನೀರು ಸೇರಿಸಿ ಕಲಕಿ, ತಿಳಿಯಾಗಲು ಬಿಟ್ಟು, ಮೇಲಿನ ಎಣ್ಣೆ ಸೋಸಿ. ನಂತರ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ. ನೀರು ಉಳಿದರೆ ಕೆಲಸ ಕೆಟ್ಟಿತು.

ಈಗ ಎಣ್ಣೆಯ ಹುಳಿ, ಅಂದರೆ ಅದರಲ್ಲಿರುವ ಆಮ್ಲ, ಅಳೆಯಬೇಕು. ನಾನು ಇದನ್ನು ಬಿಟ್ಟು, ನೇರವಾಗಿ ಕಾಸ್ಟಿಕ್ ಸೋಡಾ ಹಾಕಿದ್ದೆ. ಮರುದಿನ ನೋಡಿದರೆ 5 ಲೀಟರ್ ಎಣ್ಣೆ ಹಾಲುಬಾಯಿ ಥರ ಗಟ್ಟಿಯಾಗಿತ್ತು. ಎಲ್ಲ ಸೋಪು!

1 ಲೀಟರ್ ಬಟ್ಟಿ ನೀರಿಗೆ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. 10 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲಿಗೆ 1 ಮಿ.ಲೀ. ಎಣ್ಣೆ, ಎರಡು ಹನಿ ಫಿನಾಲ್ಫ್ತಲೀನ್ (ಹುಳಿ ಹೋದಾಗ ಗುಲಾಬಿಯಾಗುವ ದ್ರಾವಣ) ಹಾಕಿ. ಸೋಡಾ ನೀರನ್ನು ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ನಿಲ್ಲಲು 3 ಮಿ.ಲೀ.ಗಿಂತ ಜಾಸ್ತಿ ಬೇಕಾದರೆ ಹುಳಿ ಇಳಿಸಲೇಬೇಕು. ನಮ್ಮ ಎಣ್ಣೆಗೆ 25 ದಾಟಿತ್ತು.

ಇಳಿಸುವುದು ಹೀಗೆ: ಲೀಟರ್ ಎಣ್ಣೆಗೆ 350 ಮಿ.ಲೀ. ಮೆಥನಾಲ್. ಅದಕ್ಕೆ 10 ಮಿ.ಲೀ. ಗಂಧಕಾಮ್ಲವನ್ನು ನಿಧಾನವಾಗಿ ಸೇರಿಸಿ, ಎಣ್ಣೆಗೆ ಬೆರೆಸಿ. ಮುಚ್ಚಿದ ಪಾತ್ರೆಯಲ್ಲಿ 60 ಡಿಗ್ರಿಯಲ್ಲಿ 2 ಗಂಟೆ ಕಲಕಿ. ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತದೆ, ದಾಟಿಸಬೇಡಿ. ರಾತ್ರಿ ಬಿಟ್ಟು, ಮೇಲೆ ನಿಂತ ಮೆಥನಾಲ್-ನೀರನ್ನು ತೆಗೆದುಹಾಕಿ, ಕೆಳಗಿನ ಎಣ್ಣೆಯ ಹುಳಿಯನ್ನು ಮತ್ತೆ ಅಳೆಯಿರಿ. 3ರೊಳಗೆ ಬರದಿದ್ದರೆ ಇನ್ನೊಮ್ಮೆ ಮಾಡಿ.

ಮೆಥನಾಲ್ ಆವಿ ವಿಷ, ಅದರ ಉರಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ. ಬಯಲಲ್ಲಿ, ಒಲೆಯಿಂದ ದೂರ, ಬಿಸಿನೀರಿನೊಳಗೆ ಪಾತ್ರೆ ಇಟ್ಟೇ ಮಾಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಮಕ್ಕಳನ್ನು ಹತ್ತಿರ ಬಿಡಬೇಡಿ. ಪಾತ್ರೆ ಸ್ಟೀಲಿನದಿರಲಿ, ಅಲ್ಯುಮಿನಿಯಂ ಅನ್ನು ಸೋಡಾ ತಿನ್ನುತ್ತದೆ.

ಮುಂದಿನದು ಸುಲಭ. ಹೊಸ ಅಳತೆಗೆ 3.5 ಕೂಡಿಸಿ. ಲೀಟರ್ ಎಣ್ಣೆಗೆ ಅಷ್ಟು ಗ್ರಾಂ ಕಾಸ್ಟಿಕ್ ಸೋಡಾವನ್ನು 200 ಮಿ.ಲೀ. ಮೆಥನಾಲಿನಲ್ಲಿ ಕರಗಿಸಿ, ಎಣ್ಣೆಗೆ ಹಾಕಿ 60 ಡಿಗ್ರಿಯಲ್ಲಿ 1 ಗಂಟೆ ಕಲಕಿ. ಬೆಳಗಾಗುವಾಗ ಕೆಳಗೆ ಕಪ್ಪು ಗ್ಲಿಸರಿನ್, ಮೇಲೆ ಬಯೋಡೀಸೆಲ್. ಗ್ಲಿಸರಿನ್ನಿನಲ್ಲಿ ಮೆಥನಾಲ್ ಇರುತ್ತದೆ, ಬಾವಿ ಹತ್ತಿರ ಚೆಲ್ಲಬೇಡಿ. ಬಯೋಡೀಸೆಲನ್ನು ಉಗುರುಬೆಚ್ಚಗಿನ ನೀರಲ್ಲಿ, ನೀರು ತಿಳಿಯಾಗುವವರೆಗೆ ತೊಳೆದು ಕಾಯಿಸಿ.

4 ಲೀಟರ್ ಡೀಸೆಲಿಗೆ 1 ಲೀಟರ್ ಬೆರೆಸಿ ಶುರು ಮಾಡಿ. ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಇದು ಎಬ್ಬಿಸುತ್ತದೆ. ಹೊಸ ಫಿಲ್ಟರ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.